ಪುಕ್ಕಟೆ ಕೊಟ್ಟದ್ದೆಲ್ಲ ದಾಸೋಹವೇ?

1975ರ ಆಗಸ್ಟ್ 1ರಂದು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಬಂತು. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ರಾಜಧಾನಿ ಉಂಡು ಮಿಕ್ಕದ್ದು ಜಿಲ್ಲಾ ಕೇಂದ್ರಕ್ಕೆ, ಅಲ್ಲಿಯೂ ಮಿಕ್ಕರೆ ಹಳ್ಳಿಗೆ ಎಂಬ ಪದ್ಧತಿಯೇ ನಡೆದುಬಂದ ನಾಡಿನಲ್ಲಿ ಆ ಒಂದು ಸಲ ಪಂಕ್ತಿ ತಿರುವುಮುರುವಾಗಿತ್ತು. ಹಿಂದುಳಿದವು ಎಂಬ ಕಾರಣಕ್ಕೇ ಈ ಮೂರು ಜಿಲ್ಲೆಗಳನ್ನು ಆರಿಸಿದ್ದರು.

ಶಾಲೆಯ ಅಂಗಳದಲ್ಲೋ ಪಂಚಾಯಿತಿ ಮಾಳಿಗೆಯ ಮೇಲೋ ಹತ್ತು ಅಡಿ ಅಗಲದ ಆಂಟೆನಾ ನಿಂತಿತ್ತು. ಕೋಳಿಗೂಡಿಗೆ ಬಿಗಿಯುವ ತಂತಿಬಲೆಯನ್ನೇ ಚೌಕಟ್ಟಿಗೆ ಎಳೆದು ಕಟ್ಟಿ ಮಾಡಿದ್ದು ಅದು. ಬೆಲೆ ಕಡಿಮೆ, ಬಿರುಗಾಳಿ ಬಂದರೂ ಬಲೆಯ ತೂತುಗಳಲ್ಲಿ ಹಾಯ್ದು ಹೋಗುತ್ತಿತ್ತು. ಕೆಳಗೆ ಹೈದರಾಬಾದಿನ ಇಸಿಐಎಲ್ ತಯಾರಿಸಿದ ಕಪ್ಪು-ಬಿಳುಪು ಟಿ.ವಿ. ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಅದು ಬ್ಯಾಟರಿಯ ಮೇಲೆ ನಡೆಯಿತು. ಸಂಕೇತ ಅಹಮದಾಬಾದಿನ ಭೂಕೇಂದ್ರದಿಂದ ಹೊರಟು, ಆಫ್ರಿಕಾದ ಪೂರ್ವಭಾಗದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಮುಟ್ಟಿ, ಜೋಳದ ಹೊಲಗಳ ನಡುವಿನ ಈ ತಂತಿಬಲೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ; ಸಂಜೆ ಬೇಸಾಯ, ಆರೋಗ್ಯ, ಹಾಡು, ಸುದ್ದಿ. ಪ್ರಸಾರ ಮುಗಿದ ಮೇಲೆ ಮಾಸ್ತರರು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು. ಜನ ಮನೆಗೆ ಹೋಗುತ್ತಿದ್ದರು.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದ ಹೆಸರು ‘ಸೈಟ್’. ವಿಕ್ರಮ್ ಸಾರಾಭಾಯಿ ಕಂಡ ಕನಸು. ಅದಕ್ಕಾಗಿ ನಾಸಾ ಜೊತೆ 1969ರಲ್ಲೇ ಒಪ್ಪಂದವಾಗಿತ್ತು, ಟಿ.ವಿ. ಹಳ್ಳಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂದಿತ್ತು. ನೋಡಿದವರು ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಸಾರ್ವಜನಿಕ ಕಟ್ಟಡದಲ್ಲೇ ಪೆಟ್ಟಿಗೆ ಇಟ್ಟದ್ದೂ ಯಾರು ಬೇಕಾದರೂ ಬಂದು ನೋಡಲಿ ಎಂದೇ. ಆದರೆ ಉಪಗ್ರಹ ಎರವಲಿನದು. ಒಂದು ವರ್ಷ ತುಂಬಿದ ದಿನ, 1976ರ ಜುಲೈ 31ಕ್ಕೆ, ಕೊಟ್ಟವರು ಹಿಂದಕ್ಕೆ ತೆಗೆದುಕೊಂಡರು. ಹಳ್ಳಿಯ ಟಿ.ವಿ. ಕಣ್ಣು ಮುಚ್ಚಿತು. ಕೆಲವು ಪ್ರದೇಶಗಳಿಗಾದರೂ ಇದನ್ನು ಮುಂದುವರಿಸಬೇಕೆಂದು ಕೇಂದ್ರ ಸರ್ಕಾರ ನೆಲದ ಮೇಲೆಯೇ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿತು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಬಂದದ್ದು ಹೀಗೆ. ಕರ್ನಾಟಕದ ಮೊದಲ ಟಿ.ವಿ. ಕೇಂದ್ರ ಅದು.

ಆಮೇಲಿನ ಕಥೆ ನಲವತ್ತು ದಾಟಿದವರಿಗೆಲ್ಲ ಗೊತ್ತು. 1994ರಲ್ಲಿ ಉದಯ ಟಿ.ವಿ. ಬಂತು, 2000ದಲ್ಲಿ ಈಟಿವಿ ಕನ್ನಡ. ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆದವರು ಓಣಿಯ ಹೊಸ ಸಾಹುಕಾರರಾದರು. 1999ರಲ್ಲಿ ಶುರುವಾದ ವಿಜಯ ಕರ್ನಾಟಕ ಬೆಲೆ ಇಳಿಸಿ ಪತ್ರಿಕೆಗಳ ನಡುವೆ ದರಸಮರ ಹಚ್ಚಿತು. ಓದುಗ ಕೊಡುವ ಕಾಸು ಕಾಗದದ ಖರ್ಚಿಗೂ ಸಾಲದ ಸ್ಥಿತಿ ಬಂದು, ಪತ್ರಿಕೆಯ ನಿಜವಾದ ಗಿರಾಕಿ ಜಾಹೀರಾತುದಾರನೇ ಆದ. 2016ರ ಸೆಪ್ಟೆಂಬರ್ 5ಕ್ಕೆ ರಿಲಯನ್ಸ್ ಸಮೂಹದ ಜಿಯೊ ಬಂತು. ಮಾತು ಪುಕ್ಕಟೆ, ಡೇಟಾ ಪುಕ್ಕಟೆ, ಮುಂದಿನ ಮಾರ್ಚ್ 31ರ ತನಕ. ಒಂದು ಜಿಬಿಗೆ ಇನ್ನೂರು ರೂಪಾಯಿ ಮೀರಿದ್ದ ಕಾಲ ಮುಗಿಯಿತು. ಹಾಗೆಯೇ ಏರ್‌ಸೆಲ್, ಆರ್‌ಕಾಮ್, ಟಾಟಾ ಡೊಕೊಮೊ, ಟೆಲಿನಾರ್ ಒಂದೊಂದಾಗಿ ಮುಗಿದವು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಅಂಗಡಿ ಗೋಡೆಗಳ ಮೇಲೆ ಹತ್ತಾರು ಕಂಪನಿಗಳ ಬಣ್ಣ ಇದ್ದ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಮೂರ್ನಾಲ್ಕು ಹೆಸರು ಉಳಿದವು.

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್ ನಿಲ್ಲುವ ಸುದ್ದಿ ಬಂದಾಗ ಊರಿನಲ್ಲಿ ಬೇಸರ ವ್ಯಕ್ತವಾಯಿತು. ಕೇಂದ್ರ ಮುಚ್ಚುವುದಿಲ್ಲ, ಯೂಟ್ಯೂಬಿಗೂ ರಾಜ್ಯ ವಾಹಿನಿಗೂ ಕಾರ್ಯಕ್ರಮ ಮಾಡಿಕೊಡುತ್ತದೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಹಳೆಯ ತಂತ್ರಜ್ಞಾನ, ಬಳಸುವವರಿಲ್ಲ, ವಿದ್ಯುತ್ ದಂಡ ಎಂಬ ಲೆಕ್ಕವೂ ಸುಳ್ಳಲ್ಲ. ಮೂರು ವರ್ಷ ಕಳೆದು 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಭಾರತದ ತಮ್ಮ ವಾಹಿನಿಗಳನ್ನು ಕೂಡಿಸಿದವು. ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಸಂಜೆಯ ಧಾರಾವಾಹಿಗಳಲ್ಲಿ ವರ್ಷಗಟ್ಟಲೆ ಪರಸ್ಪರ ಸೆಣಸಿದ್ದವು. ಈಗ ಎರಡಕ್ಕೂ ಒಂದೇ ಮನೆ, ಹೆಸರು ಜಿಯೊಸ್ಟಾರ್. ಪುಕ್ಕಟೆ ಡೇಟಾ ಕೊಟ್ಟ ಸಮೂಹದ ಕೈಯಲ್ಲೇ ಈಗ ಆ ಡೇಟಾದಲ್ಲಿ ನೋಡುವ ಆಟ, ಸಿನಿಮಾ, ಧಾರಾವಾಹಿಯೂ ಇದೆ.

ತಂತಿಬಲೆಯ ಆಂಟೆನಾದಿಂದ ಇಲ್ಲಿಯವರೆಗಿನ ಐವತ್ತು ವರ್ಷಗಳಲ್ಲಿ ಪರದೆ, ಒಡೆಯ, ದಾರಿ ಎಲ್ಲ ಬದಲಾದವು. ‘ತಗೋ, ಪುಕ್ಕಟೆ’ ಎಂಬ ಮಾತು ಮಾತ್ರ ಮತ್ತೆ ಮತ್ತೆ ಬಂತು. ಈ ಮಾತನ್ನು ಕಲಬುರಗಿಯಲ್ಲಿ ನಿಂತು ತೂಗಿ ನೋಡಲು ಸಕಾರಣವಿದೆ. ಬೇರೆ ಊರುಗಳಲ್ಲಿ ಪುಕ್ಕಟೆ ಎಂಬುದು ವ್ಯಾಪಾರದ ವಿಷಯವಾಗಿರಬಹುದು, ಇಲ್ಲವೇ ರಾಜಕಾರಣದ್ದು. ಇಲ್ಲಿ ಅದು ಮೊದಲಿಗೆ ಧರ್ಮದ ವಿಷಯ. ಕೇಳದೆ ಕೊಡುವುದು ಹೇಗೆ, ಕೊಡುವವನು ಯಾರಾಗಿರಬೇಕು, ಉಂಡವನ ಮೇಲೆ ಯಾವ ಋಣ ಉಳಿಯುತ್ತದೆ ಎಂದು ಈ ನೆಲ ಎಂಟುನೂರು ವರ್ಷಗಳಿಂದ ಯೋಚಿಸಿದೆ.

ಶರಣಬಸವೇಶ್ವರರು ಜೇವರ್ಗಿ ಕಡೆಯ ಅರಳಗುಂಡಗಿಯ ಒಕ್ಕಲಿಗರು. 1746ರಲ್ಲಿ ಹುಟ್ಟಿ 1822ರಲ್ಲಿ ಲಿಂಗೈಕ್ಯರಾದವರು. ಅವರ ಬಗ್ಗೆ ಇಲ್ಲಿ ಮನೆ ಮನೆಯಲ್ಲೂ ಹೇಳುವ ಕಥೆ ಹೊಲದ್ದು. ಜೋಳ ತೆನೆ ಕಟ್ಟಿದಾಗ ಒಕ್ಕಲು ಮಕ್ಕಳು ಮಂಚಿಗೆ ಏರಿ, ಕವಣೆ ಬೀಸಿ, ಹಾ ಹೂ ಎಂದು ಕೂಗಿ ಹಕ್ಕಿ ಓಡಿಸುತ್ತಾರೆ. ಶರಣಬಸವರು ಕವಣೆ ಕೆಳಗಿಟ್ಟರು. ಬಂದ ಹಕ್ಕಿ ತಿನ್ನಲಿ ಎಂದು ಬಿಟ್ಟರು. ತಿಂದ ಮೇಲೆ ನೀರಡಿಸಬಾರದೆಂದು ಮಣ್ಣಿನ ಮಡಕೆಗಳಲ್ಲಿ ನೀರು ತುಂಬಿಟ್ಟರು. ಅವರ ಹೊಲದ ರಾಶಿ ಕಡಿಮೆಯಾಗಲಿಲ್ಲ ಎಂದು ಭಕ್ತರು ಹೇಳುತ್ತಾರೆ. ಪವಾಡವನ್ನು ನಂಬದವರಿಗೂ ನೀರಿನ ಮಡಕೆ ಒಂದು ಸಂಗತಿ ತಿಳಿಸುತ್ತದೆ: ಕೊಟ್ಟಾಯಿತು ಎಂದು ಕೈ ತೊಳೆದುಕೊಂಡವರಲ್ಲ ಅವರು, ಪಡೆಯುವ ಜೀವದ ದಿನದೊಳಗೆ ಹೊಕ್ಕು ಯೋಚಿಸಿದವರು. ಅವರ ಸಮಾಧಿಯ ಸುತ್ತ ಬೆಳೆದ ಕಲಬುರಗಿಯ ಮಹಾದಾಸೋಹ ಪೀಠದಲ್ಲಿ ಅನ್ನದ ಸಾಲು ಇವತ್ತಿಗೂ ನಿಂತಿಲ್ಲ. ಅನತಿ ದೂರದಲ್ಲಿ, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ದರ್ಗಾ. ಉರುಸಿನ ದಿನಗಳಲ್ಲಿ ಅಲ್ಲಿಯೂ ಯಾವ ಊರು, ಯಾವ ಜಾತಿ ಎಂದು ಕೇಳದ ಜನಸಾಗರ.

ಪುಕ್ಕಟೆ ಡೇಟಾವನ್ನು ದಾಸೋಹದ ಪಕ್ಕದಲ್ಲಿಡುವುದು ಅಪಚಾರ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಪಕ್ಕದಲ್ಲಿಟ್ಟಾಗಲೇ ಎರಡರ ಬಣ್ಣವೂ ಸ್ಪಷ್ಟವಾಗುತ್ತದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ಸುಮಾರಿಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಹಲವು ಸಮಾಜಗಳ ಕೊಡುಕೊಳ್ಳುವಿಕೆಯನ್ನು ಪರಿಶೀಲಿಸಿ, ಉಡುಗೊರೆಗೆ ಋಣ ಅಂಟಿಕೊಂಡೇ ಇರುತ್ತದೆ, ಪಡೆದವನು ತಿರುಗಿ ಕೊಡಲೇಬೇಕಾಗುತ್ತದೆ ಎಂದು ತೋರಿಸಿದ. ಶರಣರು ಆ ಋಣದ ದಿಕ್ಕನ್ನೇ ಬದಲಿಸಿದರು. ಅವರ ತಿಳಿವಿನಲ್ಲಿ ಋಣಿಯಾಗುವವನು ಉಂಡವನಲ್ಲ, ಬಡಿಸಿದವನು. ಸಮಾಜದಿಂದ ಬಂದದ್ದನ್ನು ಸಮಾಜಕ್ಕೆ ಹಿಂದಿರುಗಿಸುವ ಆಳು ಅವನು; ಬಂದು ಉಂಡವರೇ ಅವನಿಗೆ ಉಪಕಾರ ಮಾಡಿದವರು. ಇನ್ನೊಂದು ಕಟ್ಟುಪಾಡೂ ಇದೆ. ದಾಸೋಹಕ್ಕೆ ಬರುವ ಧಾನ್ಯ ಕಾಯಕದ್ದಾಗಿರಬೇಕು, ಬೆವರಿನದ್ದಾಗಿರಬೇಕು. ಕಸಿದು ತಂದು ಹಂಚಿದರೆ ಅದು ದಾಸೋಹವಾಗದು.

ಈ ತಿಳಿವನ್ನು ಹಿಡಿದು 2016ರ ಎರಡು ಪ್ರಸಂಗಗಳನ್ನು ನೋಡಬೇಕು. ಅದರ ಹಿಂದಿನ ವರ್ಷವೇ ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ಎಂಬ ಯೋಜನೆಯನ್ನು ದೇಶದ ಬಡವರ ಹೆಸರಿನಲ್ಲಿ ಮುಂದಿಟ್ಟಿತ್ತು. ಕೆಲವು ಜಾಲತಾಣಗಳು ಪುಕ್ಕಟೆ, ಅವು ಯಾವುವು ಎಂಬುದನ್ನು ನಿಗದಿ ಮಾಡುವ ವೇದಿಕೆ ಕಂಪನಿಯದು. ರೈತರಿಗೆ, ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತದೆ ಎಂದು ದೊಡ್ಡ ದೊಡ್ಡ ಜಾಹೀರಾತುಗಳು ಬಂದವು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಅಂಥ ಭೇದದ ದರಗಳನ್ನು ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಬಂದ ಜಿಯೊ ಬೇರೆ ಬಗೆಯದು. ಯಾವ ತಾಣ ಬೇಕಾದರೂ ನೋಡು, ಎಲ್ಲವೂ ಪುಕ್ಕಟೆ. ಏರ್‌ಟೆಲ್ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು: ಎದುರಾಳಿಗಳನ್ನು ಮುಳುಗಿಸಲೆಂದೇ ನಷ್ಟಕ್ಕೆ ಕೊಡುತ್ತಿದ್ದಾರೆ. 2017ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಹೊಸದಾಗಿ ಬಂದ ಕಂಪನಿಗೆ ಮಾರುಕಟ್ಟೆಯ ಮೇಲೆ ಹಿಡಿತವಿಲ್ಲ, ಹಿಡಿತವಿಲ್ಲದವನು ಬೆಲೆ ಇಳಿಸಿದರೆ ಅದು ಅಪರಾಧವಲ್ಲ ಎಂಬುದು ಅದರ ತರ್ಕ.

ಕಾನೂನಿನ ಮಟ್ಟಿಗೆ ಆ ತರ್ಕ ಸರಿಯೇ ಇರಬಹುದು. ಕಾನೂನು ಕೊಡುವವನ ಗಾತ್ರ ಅಳೆಯುತ್ತದೆ. ಮನಸ್ಸನ್ನು ಅಳೆಯುವ ಮಾಪಕ ಅದರ ಬಳಿ ಇಲ್ಲ. ಶರಣರ ವಿಚಾರಣೆ ಶುರುವಾಗುವುದೇ ಮನಸ್ಸಿನಿಂದ. ಪಕ್ಕದ ಹೊಲದವನ ಹಕ್ಕಿಗಳೆಲ್ಲ ತನ್ನ ಹೊಲಕ್ಕೇ ಬರಲಿ, ಅವನು ಬೇಸಾಯ ಬಿಟ್ಟ ಮೇಲೆ ನೀರಿನ ಮಡಕೆಗೆ ದರ ಕಟ್ಟೋಣ ಎಂದು ಶರಣಬಸವರು ಯೋಚಿಸಿದ್ದರೆ, ಆ ನೀರು ಅಷ್ಟೇ ತಂಪಾಗಿರುತ್ತಿತ್ತು, ಹಕ್ಕಿಗಳ ನೀರಡಿಕೆಯೂ ಅಷ್ಟೇ ಚೆನ್ನಾಗಿ ಆರುತ್ತಿತ್ತು. ದಾಸೋಹ ಮಾತ್ರ ಆಗುತ್ತಿರಲಿಲ್ಲ. 2024ರ ಜುಲೈನಲ್ಲಿ ಉಳಿದ ಖಾಸಗಿ ಕಂಪನಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ರೀಚಾರ್ಜ್ ದರ ಏರಿಸಿದಾಗ, ಬಿಟ್ಟು ಹೋಗಲು ಬಳಕೆದಾರನಿಗೆ ಸರ್ಕಾರಿ ಬಿಎಸ್ಎನ್ಎಲ್ ಬಿಟ್ಟರೆ ಬೇರೆ ಜಾಗ ಇರಲಿಲ್ಲ.

ಅಂದ ಮಾತ್ರಕ್ಕೆ ಹಳೆಯ ಸರ್ಕಾರಿ ಟಿ.ವಿ.ಯೇ ನಿಜವಾದ ದಾಸೋಹ ಎಂದು ತೀರ್ಪು ಕೊಡುವುದು ಅವಸರವಾಗುತ್ತದೆ. ಸೈಟ್ ಶುರುವಾದ ದಿನಾಂಕವನ್ನು ಮತ್ತೊಮ್ಮೆ ನೋಡಬೇಕು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಲಾಗಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕತ್ತರಿ ಆಡುತ್ತಿತ್ತು. ಐದು ವಾರ ಕಳೆದಿತ್ತು ಅಷ್ಟೇ, ಹಳ್ಳಿಯ ತಂತಿಬಲೆಗೆ ಚಿತ್ರ ಇಳಿಯಿತು. ಪಾಠ ಒಳ್ಳೆಯದಿತ್ತು, ಬೇಸಾಯದ ಸಲಹೆ ಒಳ್ಳೆಯದಿತ್ತು. ಸುದ್ದಿ ಮಾತ್ರ ಸರ್ಕಾರ ಹೇಳಿಸಿದ್ದು. ಗುಲಬರ್ಗಾದ ರೈತನಿಗೆ ಏನು ಬೇಕು ಎಂಬುದನ್ನು ತೀರ್ಮಾನಿಸಿದವರೂ ದೂರದಲ್ಲಿ ಕೂತವರೇ. ಪ್ರಯೋಗದವರು ಸಮಾಜವಿಜ್ಞಾನಿಗಳನ್ನು ಕಳಿಸಿ, ಹಳ್ಳಿಗಳಲ್ಲೇ ಇರಿಸಿ, ಜನ ಏನನ್ನುತ್ತಾರೆ ಎಂದು ಬರೆಸಿಕೊಂಡರು. ಆ ಪ್ರಾಮಾಣಿಕತೆ ದೊಡ್ಡದು. ಆದರೂ ಮಾತು ಹೋಗುವ ದಾರಿ ಒಂದೇ ಇತ್ತು, ಮೇಲಿನಿಂದ ಕೆಳಕ್ಕೆ.

ಕೊಡುವವನ ಈ ಹಮ್ಮನ್ನು ಅಲ್ಲಮಪ್ರಭು ಸೊನ್ನಲಿಗೆಯಲ್ಲಿ ಹಿಡಿದಿದ್ದ. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ, ಕಲಬುರಗಿಯಿಂದ ರೈಲಿನಲ್ಲಿ ಎರಡು ತಾಸಿನ ದಾರಿ, ಕನ್ನಡ ಇನ್ನೂ ಬೀದಿಯಲ್ಲಿ ಕೇಳಿಬರುವ ಗಡಿನಾಡು. ಸಿದ್ಧರಾಮ ಅಲ್ಲಿ ಸಾವಿರಾರು ಜನರನ್ನು ಕೂಡಿಸಿ ಕೆರೆ ಅಗೆಸುತ್ತಿದ್ದ, ಗುಡಿ ಕಟ್ಟಿಸುತ್ತಿದ್ದ. ಶೂನ್ಯಸಂಪಾದನೆಯ ಕಥನದ ಪ್ರಕಾರ ಅಲ್ಲಮ ಬಂದವನೇ ಸಿದ್ಧರಾಮನನ್ನು ಒಡ್ಡ ಎಂದು ಕರೆದ. ಕೆಲಸದಲ್ಲಿದ್ದ ಭಕ್ತರು ಸಿಟ್ಟಿಗೆದ್ದು ಕಲ್ಲು ಎಸೆದರು. ಅಲ್ಲಮನ ತಕರಾರು ಕೆರೆಯ ಮೇಲಿರಲಿಲ್ಲ. ಜನರಿಗೆ ನೀರು ಬೇಡ ಎಂದು ಅವನು ಹೇಳಲಿಲ್ಲ. ಕಟ್ಟಿಸುತ್ತಿರುವ ‘ನಾನು’ ಎಂಬುದು ಕೆರೆಯಷ್ಟೇ ಅಗಲವಾಗುತ್ತಿದೆಯಲ್ಲ, ಅದನ್ನು ಕಂಡೆಯಾ ಎಂದು ಕೇಳಿದ. ಸಿದ್ಧರಾಮ ಕೊನೆಗೆ ಅವನೊಂದಿಗೆ ಕಲ್ಯಾಣಕ್ಕೆ ನಡೆದ. ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ, ಗುಡಿಯ ಸುತ್ತ ನೀರು ತುಂಬಿಕೊಂಡು. ಸಾರ್ವಜನಿಕ ಮಾಧ್ಯಮದ ಸಮಸ್ಯೆಯನ್ನು ಇದಕ್ಕಿಂತ ಆಳವಾಗಿ ಯಾವ ಆಯೋಗದ ವರದಿಯೂ ಹೇಳಿಲ್ಲ. ಸರ್ಕಾರ ಕೆರೆ ಕಟ್ಟಿಸಿತು, ನಿಜ. ಕೆರೆಯ ಪ್ರತಿ ಮೆಟ್ಟಿಲ ಮೇಲೂ ತನ್ನ ಹೆಸರು ಕೆತ್ತಿಸಿತು.

ಸ್ಪರ್ಧೆ ಈ ಹಮ್ಮನ್ನು ಮುರಿಯಿತು ಎಂಬುದನ್ನೂ ಹೇಳಲೇಬೇಕು. ಖಾಸಗಿ ವಾಹಿನಿಗಳು ಬಂದ ಮೇಲೆ ಸರ್ಕಾರದ ಮುಖ ನೋಡದೆ ಸುದ್ದಿ ಹೇಳುವವರು ಹುಟ್ಟಿದರು. ಆದರೆ ಆ ವಾಹಿನಿಗಳ ಕನ್ನಡ ಬೆಂಗಳೂರು-ಮೈಸೂರಿನದು. ಕಲಬುರಗಿಯ ಮಾತು ಅವುಗಳ ಧಾರಾವಾಹಿಯೊಳಗೆ ಬಂದಾಗ ಬಹುತೇಕ ಮನೆಗೆಲಸದವರ ಬಾಯಲ್ಲಿ, ಇಲ್ಲವೇ ನಗಿಸುವವರ ಬಾಯಲ್ಲಿ ಬಂತು. ಯೂಟ್ಯೂಬ್ ಬಂದಾಗ ಉತ್ತರ ಕರ್ನಾಟಕದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಮ್ಮ ಮಾತಿನಲ್ಲೇ ಕಿರುಚಿತ್ರ ಮಾಡಿದರು, ತಮ್ಮ ಹೊಲದ ಬದುವಿನಲ್ಲೇ ಕ್ಯಾಮೆರಾ ಇಟ್ಟರು, ಲಕ್ಷಗಟ್ಟಲೆ ಜನ ನೋಡಿದರು. ಐವತ್ತು ವರ್ಷಗಳಲ್ಲಿ ಸರ್ಕಾರಿ ಸ್ಟುಡಿಯೊ ಪೂರಾ ಮಾಡಲಾಗದ ಕೆಲಸವನ್ನು ಒಂದು ಅಮೆರಿಕನ್ ಕಂಪನಿಯ ಜಾಹೀರಾತು ಯಂತ್ರ ಮಾಡಿಕೊಟ್ಟಿತು. ಕೊಟ್ಟವನ ಮನಸ್ಸು ಶುದ್ಧವಿಲ್ಲದೆಯೂ ಪಡೆದವನಿಗೆ ಒಳ್ಳೆಯದಾಗಬಹುದು. ಧರ್ಮಚಿಂತನೆ ಇಂಥ ಕಡೆ ಮುಜುಗರಪಟ್ಟುಕೊಳ್ಳದೆ ಒಪ್ಪಿಕೊಳ್ಳುವುದೇ ಸರಿ.

ಹಾಗಾದರೆ ಈ ಪುಕ್ಕಟೆಗೆ ತೊಡಕು ಇರುವುದೆಲ್ಲಿ? ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಅದಕ್ಕೆ ಉತ್ತರವಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಲಕ್ಕಮ್ಮ ಮತ್ತು ಮಾರಯ್ಯ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಅಡುಗೆ, ಅದರಲ್ಲೇ ಜಂಗಮರಿಗೆ ಊಟ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆಯ ಮುಂದಿನಿಂದಲೇ ನೋಡಿ ಗುರುತಿಸಿದಳು. ಇಂದಿನ ಅಗತ್ಯ ಮೀರಿದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಕದ್ದದ್ದಲ್ಲ, ನೆಲದ ಮೇಲೆ ಬಿದ್ದದ್ದು, ಯಾರಿಗೂ ಬೇಡವಾದದ್ದು. ಆದರೂ ಬೇಕಾದದ್ದಕ್ಕಿಂತ ಹೆಚ್ಚು ಆಯ್ದುಕೊಳ್ಳುವ ಕೈ ನಾಳೆ ಬೇರೆ ಕೈಯಾಗುತ್ತದೆ ಎಂದು ಅವಳಿಗೆ ತಿಳಿದಿತ್ತು.

ಇಂದಿನ ಫೋನು ಆಯುವುದು ಕೂಡ ಹೀಗೆ ಬಿದ್ದದ್ದನ್ನೇ. ಯಾವ ವಿಡಿಯೊದ ಮೇಲೆ ಬೆರಳು ಎರಡು ಕ್ಷಣ ಹೆಚ್ಚು ನಿಂತಿತು, ರಾತ್ರಿ ಎಷ್ಟು ಹೊತ್ತಿಗೆ ಪರದೆ ಆರಿತು, ಯಾವ ಊರಿನಿಂದ ಯಾವ ಊರಿಗೆ ಬಸ್ಸು ಹತ್ತಿದೆ, ಯಾವ ಸಾಲದ ಜಾಹೀರಾತಿನ ಮುಂದೆ ತಡೆದೆ. ಬಳಕೆದಾರನ ಪಾಲಿಗೆ ಇದು ಚೆಲ್ಲಿದ ಅಕ್ಕಿ, ಅವನಿಗೆ ಅದರ ಪರಿವೆಯೇ ಇಲ್ಲ. ಆಯುವವನ ಪಾಲಿಗೆ ಅದೇ ಕಣಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ ಎನ್ನುತ್ತದೆ. ಲಕ್ಕಮ್ಮ ಅದನ್ನು ಹನ್ನೆರಡನೆಯ ಶತಮಾನದಲ್ಲೇ ಒಪ್ಪಿಗೆಯ ಪ್ರಶ್ನೆಯಾಗಿ ಅಲ್ಲ, ಆಯುವವನ ಆತ್ಮದ ಪ್ರಶ್ನೆಯಾಗಿ ಎತ್ತಿದ್ದಳು. ಬಳಕೆದಾರ ‘ಸರಿ’ ಎಂಬ ಗುಂಡಿ ಒತ್ತಿದ್ದಾನೆ ಎಂಬ ಉತ್ತರ ಅವಳ ಮುಂದೆ ನಿಲ್ಲುತ್ತಿರಲಿಲ್ಲ.

ಇದಕ್ಕೂ ಮಿಗಿಲಾದ ವ್ಯತ್ಯಾಸವೊಂದು ದಾಸೋಹದ ಪಂಕ್ತಿಯನ್ನೇ ನೋಡಿದರೆ ಗೊತ್ತಾಗುತ್ತದೆ. ಪಂಕ್ತಿ ಕೂರುತ್ತದೆ, ಉಣ್ಣುತ್ತದೆ, ಏಳುತ್ತದೆ. ಎದ್ದವರ ಜಾಗ ಒರೆಸಿ ಮುಂದಿನವರನ್ನು ಕೂರಿಸುತ್ತಾರೆ. ಉಂಡವನು ಮತ್ತೆ ಬರಲಿ ಎಂಬ ಆಸೆ ಬಡಿಸುವವನಿಗಿರಬಹುದು, ಏಳದಿರಲಿ ಎಂಬ ಆಸೆ ಇರುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಮನುಷ್ಯ ತನ್ನ ಹೊಲಕ್ಕೋ ಅಂಗಡಿಗೋ ಮರಳಬೇಕು, ಅವನ ಕಾಯಕ ಕಾಯುತ್ತಿದೆ. ಮಾಧ್ಯಮದ ಇಂದಿನ ಸ್ಪರ್ಧೆ ನಿಂತಿರುವುದು ಪಂಕ್ತಿ ಏಳದಂತೆ ನೋಡಿಕೊಳ್ಳುವುದರ ಮೇಲೆ. ಪರದೆಯ ಪುಟ ಮುಗಿಯದೆ ಕೆಳಗೆ ಕೆಳಗೆ ಸಾಗುವ ವಿನ್ಯಾಸವನ್ನು ಅಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞ 2006ರಲ್ಲಿ ರೂಪಿಸಿದ. ಮುಂದೆ ಅದಕ್ಕಾಗಿ ಆತನೇ ಬಹಿರಂಗವಾಗಿ ಪರಿತಪಿಸಿದ. ತಮ್ಮ ನಿಜವಾದ ಎದುರಾಳಿ ಬೇರೆ ಕಂಪನಿಯಲ್ಲ, ಜನರ ನಿದ್ದೆ ಎಂಬರ್ಥದ ಮಾತನ್ನು ನೆಟ್‌ಫ್ಲಿಕ್ಸ್‌ನ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಆಡಿದ್ದ.

ಕೆಲಸದ ಜೊತೆಗೇ ಬಾಳಿದ ಮಾಧ್ಯಮವೂ ಈ ಸೀಮೆಯಲ್ಲಿತ್ತು. ವಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕಿನಾಮಾ’ ಎಂಬ ದಖನಿ ಹಾಡುಗಳಿವೆ. ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಬೀಸುವಾಗ ಹಾಡಿಕೊಳ್ಳಲಿ ಎಂದೇ ಕಟ್ಟಿದವು. ಇತಿಹಾಸಕಾರ ರಿಚರ್ಡ್ ಈಟನ್ ಅವುಗಳನ್ನು ಅಭ್ಯಾಸ ಮಾಡಿ, ದೊಡ್ಡ ಗ್ರಂಥಗಳು ಮುಟ್ಟದ ಮನೆಗಳನ್ನು ಸೂಫಿ ವಿಚಾರ ಮುಟ್ಟಿದ್ದು ಈ ದಾರಿಯಿಂದ ಎಂದು ತೋರಿಸಿದ್ದಾನೆ. ಹಾಡು ಕೇಳಲು ಬೀಸುವುದನ್ನು ನಿಲ್ಲಿಸಬೇಕಾಗಿರಲಿಲ್ಲ. ಹಿಟ್ಟು ಬಿದ್ದಂತೆ ಹಾಡೂ ಸಾಗುತ್ತಿತ್ತು. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯದೂ ಅದೇ ಗುಣ. ರೊಟ್ಟಿ ಬಡಿಯುತ್ತ, ಕುಂಟೆ ಹೊಡೆಯುತ್ತ ಕೇಳಬಹುದು. ಕಿವಿ ಕೇಳುತ್ತದೆ, ಕೈ ಬಿಡುವುದಿಲ್ಲ. ಪರದೆ ಕಣ್ಣನ್ನೂ ಕೈಯನ್ನೂ ಒಟ್ಟಿಗೆ ಕೇಳುತ್ತದೆ.

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಸುಮಾರು 35 ಕಿ.ಮೀ.ಗೆ ಕಮಲಾಪುರ. 2018ರಲ್ಲಿ ತಾಲ್ಲೂಕಾದ ಊರು. 2017ರ ಅಕ್ಟೋಬರ್‌ನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದಾಗ ಇಲ್ಲಿಗೂ ರೈಲು ಬಂತು. ಹೆದ್ದಾರಿ ಬದಿಯ ತಗಡಿನ ನೆರಳಲ್ಲಿ ಕೆಂಪು ಬಾಳೆಗೊನೆಗಳು ತೂಗುತ್ತಿರುತ್ತವೆ. ಸಿಪ್ಪೆ ಕಂದುಗೆಂಪು, ಒಳಗೆ ಕೆನೆಬಣ್ಣದ ತಿರುಳು, ಕಾಯಿಯೊಂದೇ ಅಂಗೈ ತುಂಬುವಷ್ಟು ದಪ್ಪ. 2009ರಲ್ಲಿ ಭೌಗೋಳಿಕ ಗುರುತು ಪಡೆದ ‘ಕಮಲಾಪುರದ ಕೆಂಪು ಬಾಳೆ’ ಇದೇ. ಮಾರುವ ಹೆಣ್ಣುಮಕ್ಕಳು ಗಿರಾಕಿ ಬಾರದ ಹೊತ್ತಿನಲ್ಲಿ ಫೋನನ್ನು ಗೊನೆಗೆ ಆನಿಸಿ ಇಟ್ಟುಕೊಂಡು ಧಾರಾವಾಹಿ ನೋಡುತ್ತಾರೆ. ಬಸ್ಸು ನಿಂತ ಸದ್ದಿಗೆ ತಲೆ ಎತ್ತುತ್ತಾರೆ. ದಿನವಿಡೀ ಬಿಸಿಲಲ್ಲಿ ಕೂರುವವರಿಗೆ ಆ ಅರ್ಧ ತಾಸಿನ ಕಥೆ ಸಣ್ಣ ಸುಖವಲ್ಲ. ಅದನ್ನು ಹೀಗಳೆಯುವ ಹಕ್ಕು ನೆರಳಲ್ಲಿ ಕೂತು ಬರೆಯುವವರಿಗಿಲ್ಲ.

ಈ ಬಾಳೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಹಿಡಿಯುತ್ತದೆ. ಗೊಬ್ಬರ ಹೆಚ್ಚು, ನೀರು ಹೆಚ್ಚು, ಕಾಯುವ ತಾಳ್ಮೆ ಎಲ್ಲಕ್ಕಿಂತ ಹೆಚ್ಚು. ಬೇಗ ಬರುವ ಬಾಳೆ ತಳಿಗಳ ಜೊತೆ ಬೆಲೆಯಲ್ಲಿ ಸ್ಪರ್ಧಿಸಲು ಇದಕ್ಕೆ ಆಗದು. ಮಾರುಕಟ್ಟೆಯೊಂದೇ ತೀರ್ಪುಗಾರ ಆಗಿದ್ದರೆ ಈ ತಳಿ ಯಾವತ್ತೋ ತೋಟ ಬಿಟ್ಟು ಹೋಗಿರುತ್ತಿತ್ತು. ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನೊಂದನ್ನು ಸಮಾಜ ಮಾಡಿತು. ನಿಧಾನವಾದದ್ದು ನಿಧಾನವಾಗಿಯೇ ಉಳಿಯಬೇಕೆಂಬ ಬಯಕೆ ಆ ಕಾನೂನಿನ ಹಿಂದಿದೆ. ಸುದ್ದಿಗೂ ಅಂಥ ನಿಧಾನ ಬೇಕಾಗುತ್ತದೆ. ಕಮಲಾಪುರದ ಶಾಲೆಗೆ ಮಾಸ್ತರರಿದ್ದಾರೆಯೇ, ತೊಗರಿ ಖರೀದಿ ಕೇಂದ್ರ ತೆರೆಯಿತೇ, ಬೆಳೆವಿಮೆ ದುಡ್ಡು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಓಡಾಡಿ ಕೇಳಿ ಬರೆಯುವ ವರದಿಗಾರನ ಕೆಲಸ, ಹತ್ತು ಸೆಕೆಂಡಿನ ತುಣುಕಿನ ಜೊತೆ ಓಟಕ್ಕೆ ನಿಂತರೆ ಸೋಲುವುದು ಖಚಿತ. ಸೋತದ್ದಕ್ಕೆ ಅದರ ಬೆಲೆ ಕಡಿಮೆಯಾಯಿತೇ? ಕಾಯಕದ ತತ್ತ್ವ ಇಲ್ಲ ಎನ್ನುತ್ತದೆ. ಕೆಲಸದ ಯೋಗ್ಯತೆ ಕೆಲಸದೊಳಗಿದೆ, ಎಷ್ಟು ಜನ ನೋಡಿದರು ಎಂಬ ಎಣಿಕೆಯಲ್ಲಿಲ್ಲ. ಆದರೆ ಕಾಯಕಜೀವಿಯ ಹೊಟ್ಟೆ ತುಂಬಬೇಕಾದ್ದು ಯಾರ ಹೊಣೆ ಎಂದು ಶರಣರು ಕೇಳಿಕೊಂಡಿದ್ದರು, ಅದಕ್ಕೇ ಮಹಾಮನೆ ಇತ್ತು. ಇಂದಿನ ಊರುಗಳು ತಮ್ಮ ವರದಿಗಾರನ ಬಗ್ಗೆ ಆ ಪ್ರಶ್ನೆ ಕೇಳಿಕೊಂಡಿಲ್ಲ.

2020ರಲ್ಲಿ ಈ ಎಲ್ಲದರ ಪರೀಕ್ಷೆ ನಡೆಯಿತು. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ಕಲಬುರಗಿಯಿಂದಲೇ, ಆ ಮಾರ್ಚ್‌ನಲ್ಲಿ. ಶಾಲೆಗಳು ಮುಚ್ಚಿದವು. ಖಾಸಗಿ ಶಾಲೆಯ ಪಾಠ ಫೋನಿಗೆ ಹೋಯಿತು. ಒಂದೇ ಫೋನಿದ್ದ ಮನೆಯಲ್ಲಿ, ಅಪ್ಪ ಅದನ್ನು ಹೊಲಕ್ಕೆ ಒಯ್ದರೆ ಪಾಠವೂ ಹೊಲಕ್ಕೆ ಹೋಯಿತು. ಜುಲೈನಲ್ಲಿ ಶಿಕ್ಷಣ ಇಲಾಖೆ ‘ಸಂವೇದ’ ಎಂಬ ಹೆಸರಿನಲ್ಲಿ ಹೈಸ್ಕೂಲ್ ಪಾಠಗಳನ್ನು ದೂರದರ್ಶನ ಚಂದನದಲ್ಲಿ ಶುರುಮಾಡಿತು. ನೆಟ್ ಪ್ಯಾಕ್ ಬೇಡ, ಹೆಸರು ನೋಂದಣಿ ಬೇಡ, ನೋಡುವವನು ಯಾರೆಂದು ಯಂತ್ರಕ್ಕೆ ತಿಳಿಯುವುದೂ ಬೇಡ. ಪೀರಿಯಡ್ ಮುಗಿದರೆ ಮುಗಿಯಿತು, ಹುಡುಗಿ ಎದ್ದು ಎಮ್ಮೆಗೆ ಮೇವು ಹಾಕಲು ಹೋಗಬಹುದು. ಸರ್ಕಾರದ ಎಲ್ಲ ಕುಂದುಗಳ ನಡುವೆಯೂ ಆ ತಿಂಗಳುಗಳ ಪ್ರಸಾರ ದಾಸೋಹಕ್ಕೆ ತೀರ ಹತ್ತಿರ ಬಂದಿತ್ತು.

ದಾಸೋಹದ ಗುಣವುಳ್ಳ ಮಾಧ್ಯಮಕ್ಕೆ ಇಂದು ಕಾನೂನಿನಲ್ಲಿ ಜಾಗವೇ ಇಲ್ಲವೆಂದಲ್ಲ. 2006ರ ಸಮುದಾಯ ಬಾನುಲಿ ನೀತಿ ವಿದ್ಯಾಸಂಸ್ಥೆಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ, ಮೂರು ವರ್ಷವಾದರೂ ಊರ ಕೆಲಸ ಮಾಡಿರುವ ಲಾಭರಹಿತ ಸಂಘಗಳಿಗೆ ಸ್ವಂತ ರೇಡಿಯೊ ನಡೆಸಲು ಅವಕಾಶ ಕೊಟ್ಟಿದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರವಾಣಿ’ ಇದೇ ನೀತಿಯಡಿ ಹುಟ್ಟಿದ್ದು. ಅನ್ನದಾಸೋಹದ ಮನೆಯಿಂದಲೇ ಮಾತಿನ ದಾಸೋಹವೂ ಹೊರಟಿತು. ಆದರೆ ನಿಯಮದ ಪ್ರಕಾರ ಇಂಥ ಕೇಂದ್ರದ ಪ್ರಸಾರ ಶಕ್ತಿ ಸಾಮಾನ್ಯವಾಗಿ ನೂರು ವ್ಯಾಟ್ ಮೀರುವಂತಿಲ್ಲ. ಹತ್ತು ಹದಿನೈದು ಕಿ.ಮೀ. ದಾಟಿದರೆ ದನಿ ಅಳಿಸಿಹೋಗುತ್ತದೆ. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಬಿತ್ತರಿಸಬಹುದು ಅಷ್ಟೇ. ಕೋಟ್ಯಂತರ ಜನರ ಫೋನಿಗೆ ಯಾರು ಏನು ಬೇಕಾದರೂ ಕಳಿಸಬಹುದಾದ ದೇಶದಲ್ಲಿ, ತನ್ನ ಊರಿನ ಶಾಲೆಯ ಸುದ್ದಿಯನ್ನು ತನ್ನ ಊರಿಗೆ ಹೇಳಲು ನೂರು ವ್ಯಾಟ್‌ನ ರೇಡಿಯೊಗೆ ಇರುವ ಈ ತಡೆ ಅನ್ಯಾಯದ್ದು, ಅದು ಹೋಗಲೇಬೇಕು.

ಅಂತರವಾಣಿಯ ದನಿ ಕಮಲಾಪುರ ಮುಟ್ಟುವುದಿಲ್ಲ. ಕಮಲಾಪುರಕ್ಕೆ ತನ್ನದೇ ಕೇಂದ್ರ ಬೇಕು. ಹವಾಮಾನ, ರಸ್ತೆ-ಸಂಚಾರ, ಪರೀಕ್ಷೆಯ ದಿನಾಂಕ, ಕರೆಂಟು-ನೀರಿನ ಪ್ರಕಟಣೆಗಳನ್ನು ನಿಯಮ ಸುದ್ದಿಯೆಂದು ಎಣಿಸುವುದಿಲ್ಲ. ಆದ್ದರಿಂದ ನಾಳೆ ಮಳೆ ಇದೆಯೇ, ಕರೆಂಟು ಯಾವಾಗ ಹೋಗುತ್ತದೆ, ಬೀದರ್ ಕಡೆಯ ಗಾಡಿ ಎಷ್ಟು ತಡ ಎಂಬುದನ್ನು ಹೇಳಲು ಅಲ್ಲಿಯ ಒಂದು ಸಂಘ ನಾಳೆಯೇ ಅರ್ಜಿ ಹಾಕಬಹುದು. ಅರ್ಜಿ ಹೋಗಬೇಕಾದದ್ದು ದಿಲ್ಲಿಯ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ.